ಡಾಕ್ಟರೇ ಬರೆದುಕೊಟ್ಟ ಒಪಿಯಾಯ್ಡ್ (ಅಫೀಮಿನ ಜಾತಿಯ) ನೋವಿನ ಮಾತ್ರೆಯಿಂದಲೂ ಅಪಾಯ ಇದೆಯಾ?

ಇದೆ. ಟ್ರಾಮಡಾಲ್, ಮಾರ್ಫಿನ್, ಆಕ್ಸಿಕೊಡೋನ್ ಎಲ್ಲ ಇದೇ ಗುಂಪಿನವು. ಕ್ಯಾನ್ಸರ್ ನೋವಿಗೆ, ದೊಡ್ಡ ಆಪರೇಷನ್ ಆದಮೇಲೆ ಇವು ನಿಜಕ್ಕೂ ಬೇಕು. ಆದರೆ ಮೈ ಬೇಗ ಒಗ್ಗಿಹೋಗುತ್ತದೆ. ಮೊದಲು ಒಂದು ಮಾತ್ರೆಗೆ ಇಳಿದ ನೋವು ಆಮೇಲೆ ಎರಡಕ್ಕೂ ಜಗ್ಗುವುದಿಲ್ಲ. ದಿನಾ ತಗೊಳ್ಳುತ್ತಿದ್ದವರು ಏಕಾಏಕಿ ಬಿಟ್ಟರೆ ಬೆವರು, ಭೇದಿ, ಮೈಕೈ ನೋವು. ಡಾಕ್ಟರ ಹತ್ತಿರ ಮಾತಾಡಿ ನಿಧಾನವಾಗಿ ಇಳಿಸಬೇಕು.

ನನಗೆ ಜಾಸ್ತಿ ಭಯ ಉಸಿರಿನದು. ಮಿದುಳಿನಲ್ಲಿ ಉಸಿರಾಟ ನಡೆಸುವ ಭಾಗವನ್ನೇ ಇವು ಮಂಕಾಗಿಸುತ್ತವೆ. ಜೊತೆಗೆ ಮದ್ಯವೋ ನಿದ್ದೆ ಮಾತ್ರೆಯೋ ಸೇರಿದರೆ ಇನ್ನೂ ಕೆಟ್ಟದ್ದು. ಮಲಗಿದವರು ಅಲುಗಾಡಿಸಿದರೂ ಏಳುತ್ತಿಲ್ಲ, ಗಂಟಲಲ್ಲಿ ಗೊರಗೊರ ಸದ್ದು, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿದೆ ಅಂದರೆ 'ಮಲಗಲಿ ಬಿಡು' ಅನ್ನಬೇಡಿ. ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ನಲಾಕ್ಸೋನ್ ಎಂಬ ಮದ್ದು ಬೇಗ ಸಿಕ್ಕರೆ ಉಸಿರು ಮರಳುತ್ತದೆ.