ಬಯಾಪ್ಸಿಗೆ ಇನ್ನೊಂದು ಸಲ ಬಣ್ಣ ಹಾಕಿದರೆ ಕ್ಯಾನ್ಸರ್ ಅಂತ ಅರ್ಥವಾ?

ಅಕ್ಕನ ಎದೆಗಂಟಿನ ರಿಪೋರ್ಟಿನಲ್ಲಿ 'ಯೂಶುವಲ್ ಡಕ್ಟಲ್ ಹೈಪರ್‌ಪ್ಲೇಸಿಯಾ ಇರಬಹುದು, ಐಎಚ್‌ಸಿ ಮಾಡಿಸಿ' ಅಂತ ಬರೆದಿದ್ದಾರೆ, ಕ್ಯಾನ್ಸರ್ ಅನುಮಾನವೇ ಅಂತ ಕೇಳಿದ್ದೀರಿ. ಐಎಚ್‌ಸಿ ಅಂದರೆ ಕೋಶದಲ್ಲಿ ಒಂದು ನಿರ್ದಿಷ್ಟ ಪ್ರೋಟೀನ್ ಇದ್ದಲ್ಲಿ ಮಾತ್ರ ಬಣ್ಣ ಹಿಡಿಸುವ ಪರೀಕ್ಷೆ. ಇನ್ನೊಂದು ಸಲ ಬಣ್ಣ ಅಂದದ್ದು ಇದಕ್ಕೇ.

ನಾನು ಡಾಕ್ಟರ್ ಅಲ್ಲ. ಮುಂಬೈ ಪರೇಲ್‌ನ ಒಂದು ಲ್ಯಾಬಿನಲ್ಲಿ 14 ವರ್ಷದಿಂದ ಸ್ಲೈಡ್ ಮಾಡುತ್ತಿದ್ದೇನೆ. ಡೊಂಬಿವಲಿಯ ನಮ್ಮ ಕನ್ನಡದವರಲ್ಲಿ ಯಾರದೇ ರಿಪೋರ್ಟ್ ಬಂದರೂ ಮೊದಲು ನನ್ನ ವಾಟ್ಸಾಪ್‌ಗೆ ಬೀಳುತ್ತದೆ. ಈ ಗಾಬರಿ ನನಗೆ ಹೊಸದಲ್ಲ.

ಗಂಟಿನ ಚೂರನ್ನು ಮೇಣದಲ್ಲಿ ಕೂರಿಸಿ 3-4 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತೇವೆ. ಹಾಗೇ ನೋಡಿದರೆ ಈರುಳ್ಳಿಯ ಒಳಪೊರೆ ಥರ, ಏನೂ ತಿಳಿಯುವುದಿಲ್ಲ. ಅದಕ್ಕೇ ಹೆಮಟಾಕ್ಸಿಲಿನ್, ಇಯೋಸಿನ್ ಅನ್ನುವ ಎರಡು ಬಣ್ಣ ಹಾಕುವುದು. ಕೋಶದ ನ್ಯೂಕ್ಲಿಯಸ್ ನೀಲಿ, ಉಳಿದದ್ದು ಗುಲಾಬಿ. (ಹೆಮಟಾಕ್ಸಿಲಿನ್ ಮರದ ತಿರುಳಿನ ಬಣ್ಣ. ಹಿಂದೆ ಬಟ್ಟೆಗೂ ಹಾಕುತ್ತಿದ್ದರು.)

ಹಾಲಿನ ನಾಳದ ಗೋಡೆಯಲ್ಲಿ ಕೋಶಗಳದ್ದು ಎರಡು ಸಾಲು. ಒಳಗಿನವು ಜಾಸ್ತಿಯಾಗಿ ಗುಂಪು ಕಟ್ಟಿದರೆ ಹೈಪರ್‌ಪ್ಲೇಸಿಯಾ. 'ಯೂಶುವಲ್' ಆದರೆ ಒಂದು ದುಂಡಗೆ, ಒಂದು ಉದ್ದ, ಒಂದರ ಮೇಲೊಂದು, ಬೆಳಗಿನ 8 ಗಂಟೆಯ ಲೋಕಲ್ ಟ್ರೇನಿನ ಡಬ್ಬಿ ಹಾಗೆ. ಎಲ್ಲವೂ ಒಂದೇ ಅಚ್ಚಿನಲ್ಲಿ, ಬಿಡಿಬಿಡಿಯಾಗಿ ಶಿಸ್ತಾಗಿ ನಿಂತಿದ್ದರೆ ನಮ್ಮ ಡಾಕ್ಟರ್ ಹುಬ್ಬು ಗಂಟಿಕ್ಕುತ್ತಾರೆ. ಅದು 'ಅಟಿಪಿಕಲ್', ಅಂದರೆ ಮಾಮೂಲಿಯಲ್ಲದ್ದು, ಇರಬಹುದು. ಇಲ್ಲಿ ಗಲಾಟೆಯೇ ಒಳ್ಳೆಯದು ನೋಡಿ!

ಕೆಲವು ಸ್ಲೈಡುಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆಗ ಯಾವುದು ಅಂತ ತಿಳಿಯಲು ಐಎಚ್‌ಸಿ. ಅದನ್ನು ಬರೆದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಸಿಕೆ5/6 ಅನ್ನುವ ಪ್ರೋಟೀನು ಹುಡುಕುವ ಬಣ್ಣ ಹಾಕಿದರೆ ಯೂಶುವಲ್‌ನಲ್ಲಿ ಅಲ್ಲಲ್ಲಿ ಕಂದು, ಅಲ್ಲಲ್ಲಿ ಖಾಲಿ, ಚುಕ್ಕೆಚುಕ್ಕೆಯಾಗಿ ಬರುತ್ತದೆ. ಅಟಿಪಿಕಲ್ ಕೋಶಗಳು ಸಾಮಾನ್ಯವಾಗಿ ಆ ಬಣ್ಣ ಹಿಡಿಯುವುದೇ ಇಲ್ಲ. ಪಿ63 ಅನ್ನುವ ಇನ್ನೊಂದು ಬಣ್ಣ ಕೂಡ ಬರೆದಿದ್ದರೆ, ಅದು ಹೊರಸಾಲಿನ ಕೋಶಗಳನ್ನು ಹುಡುಕಲಿಕ್ಕೆ. ಆ ಸಾಲು ನಾಳದ ಸುತ್ತ ಇದೆ ಅಂದರೆ ಕೋಶಗಳು ಗೋಡೆ ದಾಟಿಲ್ಲ ಎನ್ನಲು ಅದು ದೊಡ್ಡ ಆಧಾರ.

ಯೂಶುವಲ್ ಇದ್ದವರಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ 1.5ರಿಂದ 2 ಪಟ್ಟು ಅನ್ನುತ್ತಾರೆ. ಅಟಿಪಿಕಲ್ ಆದರೆ ಸುಮಾರು 4 ಪಟ್ಟು. ಅದೂ ಕ್ಯಾನ್ಸರ್ ಅಲ್ಲ, ಆದರೆ ಫಾಲೋಅಪ್ ತಪ್ಪಿಸುವ ಹಾಗಿಲ್ಲ.

ರಿಪೋರ್ಟ್ ತಡವಾದರೆ ಸುಮ್ನೆ ಏನೇನೋ ಊಹಿಸಬೇಡಿ. ನಮ್ಮಲ್ಲಿ ಒಂದಿಷ್ಟು ಸ್ಲೈಡ್ ಕೂಡಿದ ಮೇಲೆ ಒಟ್ಟಿಗೆ ಹಾಕುತ್ತೇವೆ, ಅಷ್ಟೇ. ಇನ್ನೊಬ್ಬ ಡಾಕ್ಟರಿಗೆ ತೋರಿಸುವುದಾದರೆ ಬರೀ ಕಾಗದ ಒಯ್ಯಬೇಡಿ. ಲ್ಯಾಬಿನಲ್ಲಿ ಸ್ಲೈಡ್, ಮೇಣದ ಬ್ಲಾಕ್ ಎರಡನ್ನೂ ಕೇಳಿ ತಗೊಳ್ಳಿ. ಬ್ಲಾಕನ್ನು ಮಾತ್ರ ಬಿಸಿಲಲ್ಲಿ, ಗಾಡಿ ಡಿಕ್ಕಿಯಲ್ಲಿ ಇಡಬೇಡಿ, ಕರಗಬಹುದು.