ಎಂಟು ಕಲೆಗಳ ವ್ಯತ್ಯಾಸ

ಪ್ರಶ್ನೆ: ಕೆಪ್ಲರ್ ಜಾತಕ ಬರೆಯುತ್ತಿದ್ದ, ನ್ಯೂಟನ್ ಲೋಹಗಳನ್ನು ಚಿನ್ನವಾಗಿಸಲು ಹೊರಟ ರಸವಿದ್ಯೆಯಲ್ಲಿ ಮುಳುಗಿದ್ದ ಎಂದು ಓದಿದೆ. ಧರ್ಮವನ್ನೂ ಮಾಂತ್ರಿಕ ನಂಬಿಕೆಗಳನ್ನೂ ಬದಿಗಿಟ್ಟ ಮೇಲೆ ತಾನೇ ಆಧುನಿಕ ವಿಜ್ಞಾನ ಹುಟ್ಟಿದ್ದು?

ಉತ್ತರ: ಹಾಗೆ ಬೇರ್ಪಡಿಸುವುದು ಇಂದಿನವರಿಗೆ ಸುಲಭ, ಅವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಆ ಗೆರೆ ಉಳಿಯುವುದಿಲ್ಲ. ಪಾದ್ರಿಯಾಗಬೇಕೆಂದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಓದಿದ ಖಗೋಳಜ್ಞ ಕೆಪ್ಲರ್, ದೇವರು ವಿಶ್ವವನ್ನು ಜ್ಯಾಮಿತಿಯ ಲೆಕ್ಕದಲ್ಲಿಯೇ ಕಟ್ಟಿದ್ದಾನೆಂದು ದೃಢವಾಗಿ ನಂಬಿದ್ದ. ಮಂಗಳನ ಚಲನೆಗೆ ಅವನು ವೃತ್ತವನ್ನು ಆಧಾರವಾಗಿಟ್ಟು ಕಟ್ಟಿದ ಮಾದರಿಯು ಡೆನ್ಮಾರ್ಕಿನ ಖಗೋಳ ವೀಕ್ಷಕ ಟೈಕೊ ಬ್ರಾಹೆಯ ವೀಕ್ಷಣೆಗಳಿಂದ 8 ಕಲೆಗಳಷ್ಟು (ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಒಂದು ಕಲೆ), ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಕಾಲು ಭಾಗದಷ್ಟು, ತಪ್ಪಿತು. ಬೇರೆಯವರು ಅಷ್ಟನ್ನು ಕಣ್ತಪ್ಪೆಂದು ಬಿಟ್ಟುಬಿಡಬಹುದಿತ್ತು. ಕೆಪ್ಲರ್ ಬಿಡಲಿಲ್ಲ, ಟೈಕೊನಂಥ ವೀಕ್ಷಕನನ್ನು ದೇವರೇ ದಯಪಾಲಿಸಿರುವಾಗ ಆ ಕೊಡುಗೆಯನ್ನು ಕೃತಜ್ಞತೆಯಿಂದ ಬಳಸಿಕೊಳ್ಳಬೇಕು ಎಂಬುದು ಅವನು ಬರೆದಿಟ್ಟ ಕಾರಣ. ಗ್ರಹಗಳ ಪಥ ದೀರ್ಘವೃತ್ತವೆಂದು 1609ರಲ್ಲಿ ಪ್ರಕಟವಾದದ್ದು ಆ ಹಟದ ಫಲ. ಇಲ್ಲಿ ಭಕ್ತಿಯು ಅಳತೆಯ ನಿಷ್ಠೆಯಾಗಿ ಮಾರ್ಪಟ್ಟಿತೆಂದೇ ನನ್ನ ಅಭಿಪ್ರಾಯ.

ರಸವಿದ್ಯೆಯದು ಇನ್ನೊಂದು ಬಗೆಯ ಕೊಡುಗೆ. 1669ರಲ್ಲಿ ಹ್ಯಾಂಬರ್ಗ್‌ನ ಹೆನ್ನಿಗ್ ಬ್ರಾಂಡ್ ಚಿನ್ನ ಪಡೆಯುವ ಆಸೆಯಿಂದ ಮೂತ್ರವನ್ನು ಕುದಿಸಿ ಬತ್ತಿಸಿ, ಉಳಿದ ಗಷ್ಟನ್ನು ತೀವ್ರವಾಗಿ ಕಾಯಿಸಿದಾಗ, ಕತ್ತಲಲ್ಲಿ ತಾನೇ ಬೆಳಗುವ ಮೇಣದಂಥ ವಸ್ತು ದೊರೆಯಿತು. ಅದೇ ರಂಜಕ (ಫಾಸ್ಫರಸ್). ಭಟ್ಟಿ ಇಳಿಸುವುದು, ಶೋಧಿಸುವುದು ಮೊದಲಾದ ಕೈಕೆಲಸವನ್ನು ಶತಮಾನಗಳ ಕಾಲ ಪಳಗಿಸಿದವರಲ್ಲಿ ಇಂಥವರೂ ಇದ್ದರು. ಆದರೆ ಅವರು ತಮ್ಮ ಕ್ರಮಗಳನ್ನು ಸಂಕೇತಭಾಷೆಯಲ್ಲಿ ಬಚ್ಚಿಡುತ್ತಿದ್ದರು. ಸಾಕ್ಷಿಗಳೆದುರು ಪ್ರಯೋಗ ನಡೆಸಿ ವಿವರವನ್ನು ಪ್ರಕಟಿಸುವ ರೂಢಿ ಲಂಡನ್ನಿನ ರಾಯಲ್ ಸೊಸೈಟಿಯಂಥ ಸಂಸ್ಥೆಗಳಲ್ಲಿ ಬೇರೂರಿತು. ನಿಜವಾದ ತಿರುವನ್ನು ನಾನು ಕಾಣುವುದು ಅಲ್ಲಿ, ನಂಬಿಕೆಯ ನಾಶದಲ್ಲಿ ಅಲ್ಲ.

ನ್ಯೂಟನ್ ರಸವಿದ್ಯೆಯ ಬಗ್ಗೆ ಸುಮಾರು 10 ಲಕ್ಷ ಪದಗಳನ್ನು ಬರೆದಿಟ್ಟಿದ್ದಾನೆ. ನಡುವೆ ಏನೂ ತಾಗದೆ ದೂರದಿಂದಲೇ ಎಳೆಯುವ ಗುರುತ್ವ ಬಲವು ನಿಗೂಢ ಗುಣವೆಂಬ ಹಳೆಯ ಕಲ್ಪನೆಯ ಮರುಪ್ರವೇಶವೆಂದು ಜರ್ಮನ್ ದಾರ್ಶನಿಕ ಲೈಬ್ನಿಟ್ಸ್ ಆಕ್ಷೇಪಿಸಿದ್ದ. ವಸ್ತುಗಳಲ್ಲಿ ಕಾಣದ ಶಕ್ತಿಗಳು ಕೆಲಸ ಮಾಡುತ್ತವೆಂದು ಬಹುಕಾಲ ಯೋಚಿಸಿದವನಿಗೆ ಅಂಥ ಬಲವನ್ನು ಒಪ್ಪಿಕೊಂಡು ಲೆಕ್ಕ ಹಾಕುವುದು ಸುಲಭವಾಗಿರಬಹುದು.

ಇಷ್ಟು ಹೇಳಿದರೂ ಆ ನಂಬಿಕೆಗಳ ಲೋಕವನ್ನು ಸುಂದರವಾಗಿಸುವ ಇಚ್ಛೆ ನನಗಿಲ್ಲ. ಕೆಪ್ಲರ್‌ನ ತಾಯಿ ಕ್ಯಾಥರೀನಾ ಮಾಟಗಾತಿಯೆಂಬ ಆರೋಪ ಹೊತ್ತು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ 14 ತಿಂಗಳು ಸೆರೆಯಲ್ಲಿದ್ದಳು. ಮಗ ತನ್ನ ಕೆಲಸ ಬಿಟ್ಟು ಬಂದು ಆಕೆಯ ಪರ ವಾದವನ್ನು ಸಿದ್ಧಪಡಿಸಿದ. 1621ರಲ್ಲಿ ಬಿಡುಗಡೆಯಾದ ಆಕೆ ಮರುವರ್ಷವೇ ತೀರಿಕೊಂಡಳು.