ಒಂದೇ ಇಂಜಿನ್ ಇರೋ ಸ್ಪೋರ್ಟ್ಸ್ ಕಾರಲ್ಲಿ ಮ್ಯಾನುಯಲ್‌ಗೂ ಆಟೋಮ್ಯಾಟಿಕ್‌ಗೂ ಟಾಪ್ ಸ್ಪೀಡ್ ಯಾಕೆ ಬೇರೆ ಬೇರೆ ಇರತ್ತೆ?

ನೀವು ಕೇಳಿರೋದು ಇಷ್ಟು: ಟೊಯೋಟಾ ಜಿಟಿ86 ಅಲ್ಲಿ ಎರಡೂ 6 ಗೇರ್, ಎರಡಕ್ಕೂ ಅದೇ 2 ಲೀಟರ್ 200 ಹಾರ್ಸ್‌ಪವರ್ ಇಂಜಿನ್, ಆದ್ರೂ ಮ್ಯಾನುಯಲ್ 226 ಹೋಗತ್ತೆ, ಆಟೋಮ್ಯಾಟಿಕ್ 210ಕ್ಕೇ ನಿಲ್ಲತ್ತೆ, ಇದಕ್ಕೆ ಆಟೋಮ್ಯಾಟಿಕ್ ಪವರ್ ತಿನ್ನೋದು ಕಾರಣಾನಾ, ಮತ್ತೆ ಗೇರ್ ಜಾಸ್ತಿ ಇದ್ರೆ ಸ್ಪೀಡ್ ಜಾಸ್ತಿ ಆಗತ್ತಾ ಅಂತ.

ಪವರ್ ಸ್ವಲ್ಪ ತಿನ್ನತ್ತೆ ನಿಜ, ಆದ್ರೆ 16 ಕಿಲೋಮೀಟರ್ ವ್ಯತ್ಯಾಸಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಗೇರ್ ರೇಶಿಯೋ, ಅಂದ್ರೆ ಗೇರ್‌ಬಾಕ್ಸಿನಿಂದ ಒಂದು ಸುತ್ತು ಹೊರಬರೋಕೆ ಇಂಜಿನ್ ಎಷ್ಟು ಸುತ್ತು ಹಾಕ್ಬೇಕು ಅನ್ನೋದು. ಅದನ್ನ ಲೆಕ್ಕದಲ್ಲೇ ತೋರಿಸ್ತೀನಿ, ಯಾಕಂದ್ರೆ ಈ ವಿಷಯದಲ್ಲಿ ಎಲ್ಲರೂ ಬಾಯಿಮಾತಲ್ಲಿ ಹೇಳ್ತಾರೆ, ಯಾರೂ ಗುಣಿಸಿ ನೋಡಲ್ಲ.

ಆ ಕಾರಿನ ಟೈರು 215/45 ಆರ್17. 215 ಮಿಲಿಮೀಟರ್ ಅಗಲದಲ್ಲಿ 45 ಪರ್ಸೆಂಟ್ ಟೈರಿನ ಪಕ್ಕದ ಎತ್ತರ, ಅಂದ್ರೆ ಸುಮಾರು 97 ಮಿಲಿಮೀಟರ್, ಅದರ ಎರಡರಷ್ಟಕ್ಕೆ 17 ಇಂಚಿನ 432 ಸೇರಿಸಿದ್ರೆ ವ್ಯಾಸ 625, ಸುತ್ತಳತೆ ಸುಮಾರು 1.96 ಮೀಟರ್. ಅಂದ್ರೆ ಚಕ್ರ ಒಂದು ಸುತ್ತು ಹಾಕಿದ್ರೆ ಕಾರು 1.96 ಮೀಟರ್ ಮುಂದೆ ಹೋಗತ್ತೆ. ಇಂಜಿನ್ನಿನ ಆರ್‌ಪಿಎಂನ, ಅಂದ್ರೆ ಅದು ನಿಮಿಷಕ್ಕೆ ಹಾಕೋ ಸುತ್ತುಗಳನ್ನ, ಗೇರ್ ರೇಶಿಯೋದಿಂದ ಭಾಗಿಸಿ, ಆಮೇಲೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವೆ ಇರೋ ಕೊನೇ ಗೇರ್ ಜೋಡಿಯ ರೇಶಿಯೋ, ಅಂದ್ರೆ ಫೈನಲ್ ಡ್ರೈವ್‌ನಿಂದ ಭಾಗಿಸಿದ್ರೆ ಚಕ್ರದ ಆರ್‌ಪಿಎಂ ಸಿಗತ್ತೆ, ಅದನ್ನ ಸುತ್ತಳತೆಗೂ 60ಕ್ಕೂ ಗುಣಿಸಿ 1000ದಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನೋದು ಬರತ್ತೆ. ಇಷ್ಟೇ ಗಣಿತ.

ಈಗ ರೇಶಿಯೋಗಳು. 2012ರಲ್ಲಿ ಬಂದ ಮಾಡೆಲ್‌ದು ಹೇಳ್ತಿದೀನಿ. ಮ್ಯಾನುಯಲ್‌ದು 3.626, 2.188, 1.541, 1.213, 1.000, 0.767. ಆಟೋಮ್ಯಾಟಿಕ್‌ದು 3.538, 2.060, 1.404, 1.000, 0.713, 0.582. ಫೈನಲ್ ಡ್ರೈವ್ ಎರಡಕ್ಕೂ 4.1. ಗಮನಿಸಿ, ಮ್ಯಾನುಯಲ್‌ನ ಐದನೇ ಗೇರೂ ಆಟೋಮ್ಯಾಟಿಕ್‌ನ ನಾಲ್ಕನೇ ಗೇರೂ ಒಂದೇ, 1.000. ಇಂಜಿನ್ನಿನ ಮಿತಿಯಾದ 7400 ಆರ್‌ಪಿಎಂ ತನಕ ಎಳೆದ್ರೆ ಎರಡೂ ಹತ್ತಿರ ಹತ್ತಿರ 212 ಮುಟ್ಟತ್ವೆ. ಅಲ್ಲಿಂದ ಮುಂದೆ ದಾರಿ ಬೇರೆ ಆಗತ್ತೆ.

ಮ್ಯಾನುಯಲ್‌ನವನು ಆರನೇ ಗೇರಿಗೆ ಹಾಕ್ತಾನೆ, 0.767, ಇಂಜಿನ್ 5700ರ ಆಸುಪಾಸಿಗೆ ಇಳಿಯತ್ತೆ, ಅಲ್ಲಿ ಇನ್ನೂ ಶಕ್ತಿ ಇದೆ, ನಿಧಾನಕ್ಕೆ 226ರ ತನಕ ಎಳೆಯತ್ತೆ, ಆಗ ಆರ್‌ಪಿಎಂ ಸುಮಾರು 6000. ಆಟೋಮ್ಯಾಟಿಕ್ ಐದನೇದಕ್ಕೆ ಹೋದ್ರೆ 0.713, ಇಂಜಿನ್ 5200ಕ್ಕೆ ಬೀಳತ್ತೆ. ಈ ಇಂಜಿನ್ ಪೂರ್ತಿ 200 ಹಾರ್ಸ್‌ಪವರ್ ಕೊಡೋದು 7000ದಲ್ಲಿ, 5200ರಲ್ಲಿ ಅದರ ಕೈಲಿ ಇರೋದು ತುಂಬಾ ಕಡಿಮೆ, ಅದೇ ಹೊತ್ತಿಗೆ 210ರ ವೇಗದಲ್ಲಿ ಗಾಳಿ ಒದೆಯೋದು ಭಯಂಕರ, ಗಾಳಿಯ ತಡೆ ಮೀರೋಕೆ ಬೇಕಾದ ಪವರ್ ವೇಗದ ಘನದ ಲೆಕ್ಕದಲ್ಲಿ ಏರತ್ತೆ. ಹಾಗಾಗಿ ನಾಲ್ಕರಲ್ಲಿ ಆರ್‌ಪಿಎಂ ಮುಗಿಯತ್ತೆ, ಐದರಲ್ಲಿ ದಮ್ಮು ಸಾಲಲ್ಲ, ನಡುವೆ ಸಿಕ್ಕಿಹಾಕಿಕೊಂಡು 210. ಆಟೋಮ್ಯಾಟಿಕ್‌ನ ಆರನೇ ಗೇರಿಗೆ ಟಾಪ್ ಸ್ಪೀಡ್ ಜೊತೆ ಸಂಬಂಧಾನೇ ಇಲ್ಲ.

ಹಾಗಾದ್ರೆ ಆ ಆರನೇ ಗೇರ್ ಯಾಕೆ ಕೊಟ್ರು ಅಂತೀರಾ? ಹೈವೇಗೆ. 100ರಲ್ಲಿ ಹೋಗ್ತಿರುವಾಗ ಮ್ಯಾನುಯಲ್‌ನ ಇಂಜಿನ್ 2650ರ ಮೇಲಿರತ್ತೆ, ಆಟೋಮ್ಯಾಟಿಕ್‌ದು ಬರೀ 2000 ಚಿಲ್ಲರೆ. ಸದ್ದು ಕಡಿಮೆ, ಪೆಟ್ರೋಲ್ ಕಡಿಮೆ. ಇನ್ನೊಂದು ಕಾರಣಾನೂ ಇದೆ, ಆಟೋಮ್ಯಾಟಿಕ್ ಒಳಗೆ ಇರೋದು ಪ್ಲಾನೆಟರಿ ಗೇರ್‌ಗಳು, ಅಂದ್ರೆ ನಡುವಿನ ಒಂದು ಗೇರಿನ ಸುತ್ತ ಚಿಕ್ಕ ಗೇರ್‌ಗಳು ತಿರುಗೋ ಸೆಟ್‌ಗಳು, ಅದೇ ಸೆಟ್‌ಗಳನ್ನ ಬೇರೆ ಬೇರೆ ಥರ ಲಾಕ್ ಮಾಡಿ ಎಲ್ಲಾ ರೇಶಿಯೋ ಹುಟ್ಟಿಸೋದು, ಒಂದನ್ನ ಬದಲಾಯಿಸೋಕೆ ಹೋದ್ರೆ ಇನ್ನೊಂದೂ ಅಲ್ಲಾಡತ್ತೆ. ಮ್ಯಾನುಯಲ್‌ನಲ್ಲಿ ಪ್ರತಿ ಗೇರಿಗೂ ಬೇರೆ ಜೋಡಿ ಚಕ್ರ ಇರೋದ್ರಿಂದ ಆ ಸ್ವಾತಂತ್ರ್ಯ ಜಾಸ್ತಿ.

ಇನ್ನು 0ಯಿಂದ 100. ಇಲ್ಲಿ ನನಗೆ ತುಂಬಾ ಇಷ್ಟದ ಒಂದು ವಿಚಾರ ಇದೆ. ಮ್ಯಾನುಯಲ್ ಜಿಟಿ86 ಎರಡನೇ ಗೇರಲ್ಲಿ 97ಕ್ಕೆ ಮುಗಿಯತ್ತೆ, 100 ಮುಟ್ಟೋಕೆ ಮೂರನೇದು ಹಾಕ್ಲೇಬೇಕು. ಆಟೋಮ್ಯಾಟಿಕ್ ಎರಡನೇದರಲ್ಲೇ 103ರ ತನಕ ಹೋಗತ್ತೆ, ಒಂದು ಶಿಫ್ಟ್ ಉಳೀತು. ಆದ್ರೂ ಮ್ಯಾನುಯಲ್ 7.6 ಸೆಕೆಂಡು, ಆಟೋಮ್ಯಾಟಿಕ್ 8.2. ಯಾಕಂದ್ರೆ ಎರಡನೇ ಗೇರಲ್ಲಿ ಮ್ಯಾನುಯಲ್‌ನ ಒಟ್ಟು ರೇಶಿಯೋ 8.97, ಆಟೋಮ್ಯಾಟಿಕ್‌ದು 8.45, ಅಂದ್ರೆ ಚಕ್ರಕ್ಕೆ ಸಿಗೋ ತಳ್ಳು ಸುಮಾರು 6 ಪರ್ಸೆಂಟ್ ಜಾಸ್ತಿ, ಅದರ ಮೇಲೆ ಕ್ಲಚ್ ಹಿಡಿದು ಆರ್‌ಪಿಎಂ ಏರಿಸಿ ಬಿಡೋ ಅನುಕೂಲ ಬೇರೆ.

ಆದ್ರೆ ಗೇರ್‌ಬಾಕ್ಸಿನ ರೇಶಿಯೋ ಮಾತ್ರ ನೋಡಿ ಯಾವತ್ತೂ ಹೋಲಿಸಬೇಡಿ, ಫೈನಲ್ ಡ್ರೈವ್ ಜೊತೆ ಗುಣಿಸಿ. ಇದಕ್ಕೆ ಷೆವರ್ಲೆ ಕಾರ್ವೆಟ್ ಸಿ5 ಚೆನ್ನಾಗಿರೋ ಉದಾಹರಣೆ, 1997ರಿಂದ 2004ರ ತನಕ ಬಂದ ಕಾರು. ಅದರ 6 ಸ್ಪೀಡ್ ಮ್ಯಾನುಯಲ್‌ಗೆ ಮೂರನೇ ಗೇರ್ 1.30, ಫೈನಲ್ 3.42. 4 ಸ್ಪೀಡ್ ಆಟೋಮ್ಯಾಟಿಕ್‌ಗೆ ಎರಡನೇ ಗೇರ್ 1.63, ಫೈನಲ್ 2.73. ಗುಣಿಸಿ ನೋಡಿ, ಎರಡೂ 4.45. ಅಂದ್ರೆ ಆಟೋಮ್ಯಾಟಿಕ್‌ನ ಎರಡನೇದೂ ಮ್ಯಾನುಯಲ್‌ನ ಮೂರನೇದೂ ಒಂದೇ ಗೇರ್! ಮ್ಯಾನುಯಲ್ ಆರನೇದು 0.50, ಕಾಗದದ ಮೇಲೆ 6000 ಆರ್‌ಪಿಎಂಗೆ 440 ದಾಟತ್ತೆ, ಅದು ಯಾವ ಕಾಲಕ್ಕೂ ಆಗೋ ಮಾತಲ್ಲ. ಕಾರು ನಿಜವಾಗಿ ಮುಟ್ಟೋದು 280ರ ಆಸುಪಾಸು, ಅದೂ ಐದನೇ ಗೇರಲ್ಲಿ, ಆಗ ಇಂಜಿನ್ 5550ರ ಹತ್ತಿರ, ಆ ಇಂಜಿನ್ನಿನ ಪೂರ್ತಿ ಪವರ್ ಬರೋದು 5600ಕ್ಕೆ. ಎಷ್ಟು ಸರಿಯಾಗಿ ಕೂರಿಸಿದಾರೆ ನೋಡಿ, ಇಂಥದ್ದು ಕಂಡಾಗ ಆ ಇಂಜಿನಿಯರ್‌ಗಳ ಮೇಲೆ ನನಗೆ ನಿಜಕ್ಕೂ ಗೌರವ ಬರತ್ತೆ.

ಇಷ್ಟೆಲ್ಲಾ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಕಥೆ, ಅಂದ್ರೆ ಕ್ಲಚ್ ಬದಲು ಎಣ್ಣೆಯ ಮೂಲಕ ಇಂಜಿನ್ನಿನ ಶಕ್ತಿ ದಾಟಿಸೋ ಥರದ್ದು. ಡ್ಯುಯಲ್ ಕ್ಲಚ್ ಬಂದ್ಮೇಲೆ ಆಟ ತಿರುಗಿದೆ. ಅದರೊಳಗೆ ಒಂದು ಕ್ಲಚ್ಚಿಗೆ 1, 3, 5 ಇನ್ನೊಂದಕ್ಕೆ 2, 4, 6 ಹೀಗೆ ಹಂಚಿರ್ತಾರೆ, ಮುಂದಿನ ಗೇರ್ ಮೊದಲೇ ರೆಡಿ, ಶಿಫ್ಟ್ ಆಗುವಾಗ ಎಳೆತ ನಿಲ್ಲೋದೇ ಇಲ್ಲ ಅನ್ನಬಹುದು. 2021ರಲ್ಲಿ ಬಂದ 992 ಮಾಡೆಲ್‌ನ ಪೋರ್ಷೆ 911 ಜಿಟಿ3 ನೋಡಿ, ಅದೇ 510 ಹಾರ್ಸ್‌ಪವರ್, ಮ್ಯಾನುಯಲ್ 3.9 ಸೆಕೆಂಡಲ್ಲಿ 100 ಮುಟ್ಟಿದ್ರೆ ಪೋರ್ಷೆಯ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಪಿಡಿಕೆ 3.4ರಲ್ಲಿ. ಟಾಪ್ ಸ್ಪೀಡಲ್ಲಿ ಮ್ಯಾನುಯಲ್ 320, ಪಿಡಿಕೆ 318. ಗೇರು ಮ್ಯಾನುಯಲ್‌ಗೆ 6, ಪಿಡಿಕೆಗೆ 7. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಗೇರ್ ಜಾಸ್ತಿ ಆದ್ರೆ ಸಾಮಾನ್ಯವಾಗಿ ಅಂತರ ಕಿರಿದಾಗತ್ತೆ, ಪ್ರತಿ ಶಿಫ್ಟ್ ಆದ್ಮೇಲೂ ಇಂಜಿನ್ ಪವರ್ ಇರೋ ಜಾಗದಲ್ಲೇ ಉಳಿಯತ್ತೆ, ಅದರಿಂದ ಪಿಕಪ್‌ಗೆ ಲಾಭ, ಟಾಪ್ ಸ್ಪೀಡ್ ಏರ್ಬೇಕು ಅಂತೇನಿಲ್ಲ.

ಒಂದು ಮಾತು ಬಿಟ್ಟೋಗ್ತಿತ್ತು, ನಮ್ಮಲ್ಲಿ ಮಾರುತಿ ಸೆಲೆರಿಯೋ 2014ರಲ್ಲಿ ತಂದ ಎಎಂಟಿ ಇದೆಯಲ್ಲ, ಅದರೊಳಗೆ ಇರೋದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು ಗೇರ್ ಹಾಕೋದು ಮಾತ್ರ ಮೆಷಿನ್ನು. 1997ರಲ್ಲಿ ಫೆರಾರಿ ಎಫ್355ಗೆ ಬಂದ ಎಫ್1 ಗೇರ್‌ಬಾಕ್ಸಿನ ತತ್ವಾನೂ ಇದೇ. ಅಂಥ ಕಾರಲ್ಲಿ ಎರಡು ಪೆಡಲ್ ನೋಡಿ ರೇಶಿಯೋ ಬೇರೆ ಇರತ್ತೆ ಅಂದ್ಕೋಬೇಡಿ.

ನಿಮ್ಮ ತಲೇಲಿ ಬೇರೆ ಯಾವುದಾದ್ರೂ ಕಾರಿದ್ರೆ ಟೈರ್ ಸೈಜ್, ಗೇರ್ ರೇಶಿಯೋ, ಫೈನಲ್ ಡ್ರೈವ್ ಮೂರನ್ನೂ ಹಾಕಿ, ಯಾವ ಗೇರಲ್ಲಿ ಎಷ್ಟು ಹೋಗತ್ತೆ ಅಂತ ಲೆಕ್ಕ ಹಾಕಿ ಕೊಡ್ತೀನಿ.